ಸೋತ ದಿನವೇ ದೇವರಿಂದ ದೂರ ಯಾಕೆ?

ಕ್ರೈಸ್ತ ಸಭೆಯ ಪಾಸ್ಟರ್, ಅಂದರೆ ಸಭಾಪಾಲಕನಾಗಿ ಜನರ ಜೊತೆ ಮಾತಿಗೆ ಕೂತಾಗ ನಾನು ತಪ್ಪದೆ ಕೇಳುವ ಒಂದು ಪ್ರಶ್ನೆ ಇದೆ. ತಪ್ಪು ಮಾಡಿದ ಮೇಲೆ ಪ್ರಾರ್ಥನೆಗೆ ಬರಲು ನಿಮಗೆ ಎಷ್ಟು ಹೊತ್ತು ಬೇಕಾಗುತ್ತದೆ? ಯಾವ ತಪ್ಪು ಅಂತ ಕೇಳುವುದಿಲ್ಲ. ಎಷ್ಟು ಹೊತ್ತು ಅಂತ ಮಾತ್ರ ಕೇಳುತ್ತೇನೆ. ಹೆಚ್ಚಿನವರು ಮೊದಲು ಸುಮ್ಮನಾಗುತ್ತಾರೆ. ಆಮೇಲೆ ಮೆಲ್ಲಗೆ ಹೇಳುತ್ತಾರೆ: ಎರಡು ದಿನ, ಮೂರು ದಿನ, ಕೆಲವರು ವಾರಗಟ್ಟಲೆ.

ಆ ದಿನಗಳಲ್ಲಿ ಏನು ಮಾಡುತ್ತೀರಿ ಅಂದರೆ ಉತ್ತರ ಹೆಚ್ಚುಕಮ್ಮಿ ಒಂದೇ. ಸಿಟ್ಟಿನಲ್ಲಿ ಹೆಂಡತಿಗೆ ಏನೋ ಅಂದುಬಿಟ್ಟ, ಫೋನಿನಲ್ಲಿ ನೋಡಬಾರದ್ದನ್ನು ನೋಡಿದ, ಕೆಲಸದಲ್ಲಿ ಸುಳ್ಳು ಲೆಕ್ಕ ಬರೆದ. ಅದಾದ ಮೇಲೆ ಎರಡು ದಿನ ಬಾಯಿಗೆ ಬೀಗ ಹಾಕಿ, ಬೈಬಲ್ಲಿನ ಒಂದು ಅಧ್ಯಾಯ ಜಾಸ್ತಿ ಓದಿ, ಯಾರಿಗೋ ಒಂದು ಉಪಕಾರ ಮಾಡಿ, ಈಗ ಪರವಾಗಿಲ್ಲ, ಈಗ ದೇವರ ಮುಂದೆ ಹೋಗಬಹುದು ಅನಿಸಿದ ಮೇಲೆ ಮೊಣಕಾಲೂರುತ್ತಾನೆ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ತನಗೆ ತಾನೇ ಹಾಕಿಕೊಂಡ ಶಿಕ್ಷೆ ಅದು. ನೋಡಿದವರಿಗೆ ಭಯಭಕ್ತಿ ಅನಿಸಬಹುದು. ನನ್ನ ಪ್ರಕಾರ ಇದು ನಂಬಿಕೆಯ ಬುಡಕ್ಕೇ ಕೊಡಲಿ ಹಾಕುವ ಅಭ್ಯಾಸ. ಯಾಕೆಂದರೆ ಆ ಎರಡು ದಿನದ ಒಳ್ಳೆಯತನವನ್ನು ಅವನು ದೇವರ ಮುಂದೆ ನಿಲ್ಲುವ ಅರ್ಹತೆ ಅಂತ ಹಿಡಿದುಕೊಂಡು ಬಂದಿದ್ದಾನೆ. ಆ ಜಾಗದಲ್ಲಿ ಕ್ರಿಸ್ತನೊಬ್ಬನೇ ಇರಬೇಕಿತ್ತು.

ಇವರು ಹೊಸಬರೂ ಅಲ್ಲ. ಬೈಬಲ್ಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯ ಬಾಯಿಪಾಠ ಇರುತ್ತದೆ. ರಕ್ಷಣೆ ಕೃಪೆಯಿಂದ, ಅದು ದೇವರ ವರ, ಯಾರೂ ಹೊಗಳಿಕೊಳ್ಳುವ ಹಾಗಿಲ್ಲ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಆದರೆ ಮನಸ್ಸಿನ ಒಳಗೆ ಬೇರೆ ಲೆಕ್ಕ ಓಡುತ್ತಿರುತ್ತದೆ. ಮನೆಯೊಳಗೆ ಬಂದದ್ದು ಕೃಪೆಯಿಂದ, ಮನೆಯೊಳಗೆ ಉಳಿಯುವುದು ಮಾತ್ರ ನನ್ನ ದುಡಿಮೆಯಿಂದ ಅನ್ನುವ ಲೆಕ್ಕ. ಗಲಾತ್ಯದ ಸಭೆಗಳಿಗೆ, ಮೊದಲ ಕಾಲದ ಸಭೆಗಳ ಬೋಧಕ ಪೌಲ ಅಷ್ಟು ಕೋಪದಿಂದ ಪತ್ರ ಬರೆದದ್ದು ಸುಮಾರು ಇದೇ ಲೆಕ್ಕದ ಮೇಲೆ. ಬೇರೆ ಪತ್ರಗಳಲ್ಲಿ ಶುರುವಿನಲ್ಲೇ ಸಭೆಗಾಗಿ ದೇವರಿಗೆ ಸ್ತೋತ್ರ ಹೇಳುವ ಮನುಷ್ಯ, ಈ ಪತ್ರದಲ್ಲಿ ಅದನ್ನೂ ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತಾನೆ. ಆತ್ಮನಿಂದ ಶುರು ಮಾಡಿದವರು ಈಗ ಸ್ವಂತ ಬಲದಿಂದ ಮುಗಿಸಲು ಹೊರಟಿದ್ದೀರಾ ಅಂತ ಕೇಳುತ್ತಾನೆ.

ನೀತಿವಂತ ಅಂದರೆ ಬೈಬಲ್ಲಿನ ರೀತಿಯಲ್ಲಿ ಯಾರು? ದೇವರು ನ್ಯಾಯಾಧಿಪತಿಯಾಗಿ ಕೂತಾಗ, ಇವನು ಸರಿ, ಇವನ ಮೇಲೆ ಯಾವ ಆರೋಪವೂ ಉಳಿದಿಲ್ಲ ಅಂತ ಯಾರ ಬಗ್ಗೆ ತೀರ್ಪು ಕೊಡುತ್ತಾನೋ ಅವನು. ರೋಮಾಪುರದವರಿಗೆ ಬರೆದ ಪತ್ರದ ಮೊದಲ ಮೂರು ಅಧ್ಯಾಯ ಓದಿದರೆ ಅಂಥವನು ಒಬ್ಬನೂ ಸಿಗುವುದಿಲ್ಲ. ಧರ್ಮಶಾಸ್ತ್ರ, ಅಂದರೆ ಮೋಶೆಯ ಮೂಲಕ ಯಹೂದ್ಯರಿಗೆ ಬಂದ ದೇವರ ಆಜ್ಞೆಗಳು, ಇಲ್ಲದವನೂ ಸಿಕ್ಕಿಬಿದ್ದ, ಇದ್ದವನೂ ಸಿಕ್ಕಿಬಿದ್ದ. ಎಲ್ಲರ ಬಾಯಿಯೂ ಮುಚ್ಚಿಹೋಯಿತು ಅನ್ನುವಲ್ಲಿಗೆ ಪೌಲ ತಂದು ನಿಲ್ಲಿಸುತ್ತಾನೆ. ಆಮೇಲೆ, ಈಗಲಾದರೋ, ಧರ್ಮಶಾಸ್ತ್ರದ ಹೊರಗೆ ದೇವರ ನೀತಿ ಪ್ರಕಟವಾಗಿದೆ ಅಂತ ಶುರು ಮಾಡುತ್ತಾನೆ. ಯೇಸು ಕ್ರಿಸ್ತನನ್ನು ನಂಬುವವರಿಗೆಲ್ಲಾ ಅದು ಉಚಿತವಾಗಿ ಸಿಗುತ್ತದೆ ಅನ್ನುತ್ತಾನೆ.

ಇಷ್ಟು ಹೇಳಿದ ಕೂಡಲೇ ಯಹೂದ್ಯನಾದ ಓದುಗ ಕೇಳುವ ಪ್ರಶ್ನೆ ಪೌಲನಿಗೆ ಗೊತ್ತಿದೆ. ಹಾಗಾದರೆ ನಮ್ಮ ಮೂಲಪುರುಷ ಅಬ್ರಹಾಮನ ಕಥೆ ಏನು? ಅವನು ದೇವರ ಮಾತಿಗೆ ವಿಧೇಯನಾಗಿ ನಡೆದಿದ್ದರಿಂದಲೇ ನೀತಿವಂತ ಆದದ್ದಲ್ವಾ? ಇಲ್ಲಿ ಪೌಲ ಮಾಡುವ ವಾದ ನನಗೆ ತುಂಬಾ ಇಷ್ಟ, ಯಾಕೆಂದರೆ ಅದು ಬರೀ ತಾರೀಖಿನ ವಾದ. ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡ ತೆಗೆದು ಯಾವುದು ಮೊದಲು ಆಯಿತು, ಯಾವುದು ಆಮೇಲೆ ಆಯಿತು ನೋಡಿ ಅನ್ನುತ್ತಾನೆ.

ನೋಡೋಣ. 15ನೇ ಅಧ್ಯಾಯದಲ್ಲಿ ಅಬ್ರಹಾಮನಿಗೆ ಮಕ್ಕಳಿಲ್ಲ. ದೇವರು ಅವನನ್ನು ಹೊರಗೆ ಕರೆದುಕೊಂಡು ಹೋಗಿ ನಕ್ಷತ್ರಗಳನ್ನು ಲೆಕ್ಕ ಮಾಡು ಅನ್ನುತ್ತಾನೆ, ನಿನ್ನ ಸಂತಾನ ಅಷ್ಟಾಗುತ್ತದೆ ಅಂತ ಮಾತು ಕೊಡುತ್ತಾನೆ. ಅಬ್ರಹಾಮ ನಂಬಿದ. ಅವನ ನಂಬಿಕೆಯನ್ನು ದೇವರು ನೀತಿ ಅಂತ ಎಣಿಸಿದ. ಅಷ್ಟೇ. ಅಲ್ಲಿ ಅವನು ಏನನ್ನೂ ಮಾಡಿ ತೋರಿಸಲಿಲ್ಲ. 16ನೇ ಅಧ್ಯಾಯದಲ್ಲಿ ದಾಸಿಯಿಂದ ಮಗ ಇಷ್ಮಾಯೇಲ ಹುಟ್ಟುವಾಗ ಅವನಿಗೆ 86 ವರ್ಷ. ಸುನ್ನತಿಯ ಆಜ್ಞೆ ಬಂದದ್ದು 17ನೇ ಅಧ್ಯಾಯದಲ್ಲಿ, ಆಗ ಅವನಿಗೆ 99. ಅಂದರೆ ನೀತಿವಂತ ಅಂತ ದೇವರು ಎಣಿಸಿ ಕಡಿಮೆ ಅಂದರೂ 13 ವರ್ಷ ಆದ ಮೇಲೆ ಸುನ್ನತಿ ಬಂತು. ಮೋಶೆಯ ಧರ್ಮಶಾಸ್ತ್ರವಂತೂ ವಾಗ್ದಾನಕ್ಕಿಂತ 430 ವರ್ಷ ಆಮೇಲೆ ಬಂದದ್ದು ಅಂತ ಪೌಲ ಗಲಾತ್ಯದವರಿಗೆ ಲೆಕ್ಕ ಕೊಡುತ್ತಾನೆ. ಆಮೇಲೆ ಬಂದದ್ದು ಮೊದಲು ಸಿಕ್ಕಿದ್ದಕ್ಕೆ ಕಾರಣ ಆಗುವುದು ಹೇಗೆ? ಕೆಲಸ ಮಾಡಿದವನಿಗೆ ಕೊಡುವ ಕೂಲಿ ಉಪಕಾರ ಅಲ್ಲ, ಅದು ಕೊಡಲೇಬೇಕಾದ ಬಾಕಿ ಅನ್ನುವುದು ಪೌಲನದೇ ಹೋಲಿಕೆ. ದೇವರು ಅಬ್ರಹಾಮನಿಗೆ ಬಾಕಿ ಇದ್ದದ್ದನ್ನು ತೀರಿಸಲಿಲ್ಲ.

ಕತೆ ಅಲ್ಲಿಗೆ ಮುಗಿಯುವುದಿಲ್ಲ. ಸೋತು ಬಂದವರಿಗೆ ನಾನು ತೋರಿಸುವುದು ಮುಂದಿನ ಭಾಗ. 12ನೇ ಅಧ್ಯಾಯದಲ್ಲಿ ಅಬ್ರಹಾಮ ಐಗುಪ್ತಕ್ಕೆ ಹೋದಾಗ ಜೀವಭಯದಿಂದ ಹೆಂಡತಿಯನ್ನು ತಂಗಿ ಅಂತ ಹೇಳಿಸಿ ಅವಳನ್ನು ಅಪಾಯಕ್ಕೆ ತಳ್ಳಿದ್ದ. ಅದು ಮೊದಲಿನ ಮಾತು, ಆಗ ಇನ್ನೂ ತಿಳಿದಿರಲಿಲ್ಲ ಅನ್ನೋಣ. 20ನೇ ಅಧ್ಯಾಯಕ್ಕೆ ಬನ್ನಿ. ನೀತಿವಂತ ಅಂತ ಎಣಿಸಿ ವರ್ಷಗಳು ಕಳೆದಿವೆ, ಸುನ್ನತಿ ಆಗಿದೆ, ದೇವರು ಗುಡಾರದ ಬಾಗಿಲಿಗೇ ಬಂದು ಮಾತಾಡಿದ್ದಾನೆ. ಗೆರಾರಿನ ಅರಸ ಅಬೀಮೆಲೆಕನ ಮುಂದೆ ಅವನು ಅದೇ ಸುಳ್ಳನ್ನು ಮತ್ತೆ ಹೇಳುತ್ತಾನೆ. ಅದೇ ಭಯ, ಅದೇ ಮಾತು, ಅದೇ ಹೆಂಡತಿ. ದೇವರು ಅದನ್ನು ಮುಚ್ಚಿಡಲಿಲ್ಲ, ಅನ್ಯ ಅರಸನ ಬಾಯಿಂದಲೇ ಅವನಿಗೆ ಬೈಸಿದ. ಆದರೆ 15ನೇ ಅಧ್ಯಾಯದ ಎಣಿಕೆಯನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಮರು ಅಧ್ಯಾಯದಲ್ಲೇ ದೇವರು ಮಾತು ಕೊಟ್ಟಿದ್ದ ಮಗ ಇಸಾಕ ಹುಟ್ಟುತ್ತಾನೆ.

ಹಾಗಾದರೆ ದೇವರು ಪಾಪಕ್ಕೆ ಕಣ್ಣು ಮುಚ್ಚಿಕೊಳ್ಳುತ್ತಾನಾ? ಈ ಪ್ರಶ್ನೆ ಕೇಳುವವರು ನ್ಯಾಯದ ಬಗ್ಗೆ ಕಾಳಜಿ ಇರುವವರು, ಅವರ ಪ್ರಶ್ನೆಯನ್ನು ಹಗುರ ಮಾಡಬಾರದು. ಅಪರಾಧಿಯನ್ನು ಸುಮ್ನೆ ಬಿಟ್ಟು ಕಳಿಸುವ ನ್ಯಾಯಾಧೀಶನನ್ನು ಒಳ್ಳೆಯವನು ಅಂತ ಯಾರೂ ಕರೆಯುವುದಿಲ್ಲ. ರೋಮಾಪುರದವರಿಗೆ 3ನೇ ಅಧ್ಯಾಯದ ಕೊನೆಯಲ್ಲಿ ಪೌಲ ಹಿಡಿದುಕೊಳ್ಳುವುದು ಇದನ್ನೇ. ದೇವರು ತಾನೂ ನೀತಿವಂತನಾಗಿ ಉಳಿಯಬೇಕು, ಪಾಪಿಯನ್ನೂ ನೀತಿವಂತ ಅಂತ ನಿರ್ಣಯಿಸಬೇಕು. ಎರಡೂ ಕೂಡುವ ಜಾಗ ಶಿಲುಬೆ. ಅಲ್ಲಿ ಪಾಪದ ಭಾರ ಕಡಿಮೆ ಆಗಲಿಲ್ಲ, ಅದನ್ನು ಹೊತ್ತವನು ಬದಲಾದ. ಪಾಪವನ್ನು ಅರಿಯದವನನ್ನು ದೇವರು ನಮಗೋಸ್ಕರ ಪಾಪವಾಗಿ ಮಾಡಿದ, ನಾವು ಆತನಲ್ಲಿ ದೇವರ ನೀತಿ ಆಗಬೇಕು ಅಂತ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಈ ಮಾತನ್ನು ನಾನು ಎಷ್ಟು ಸಲ ಬೋಧಿಸಿದ್ದರೂ ಪೂರ್ತಿ ಅಳೆದು ಮುಗಿಸಿದ್ದೇನೆ ಅನಿಸಿಲ್ಲ. ಕೃಪೆ ನಮಗೆ ಉಚಿತ. ಕೊಟ್ಟವನಿಗೆ ಉಚಿತವಾಗಿರಲಿಲ್ಲ.

ಈ ವಿಷಯದಲ್ಲಿ ಸಭೆ ಹಿಂದಿನಿಂದಲೂ ಜಗಳ ಆಡಿದೆ. 5ನೇ ಶತಮಾನದ ಆರಂಭದಲ್ಲಿ ರೋಮಿನಲ್ಲಿ ಬೋಧಿಸುತ್ತಿದ್ದ ಪೆಲಾಗಿಯಸ್ ಎಂಬ ಸನ್ಯಾಸಿ, ಮನುಷ್ಯ ಮನಸ್ಸು ಮಾಡಿದರೆ ದೇವರ ಆಜ್ಞೆಯನ್ನು ಪಾಲಿಸಬಲ್ಲ ಅಂತ ಹೇಳಿದ. ಅವನು ಕೆಟ್ಟವನಲ್ಲ, ಕ್ರೈಸ್ತರು ಸೋಮಾರಿಗಳಾಗಿದ್ದಾರೆ ಅನ್ನುವ ನೋವು ಅವನಿಗಿತ್ತು. ಉತ್ತರ ಆಫ್ರಿಕಾದ ಹಿಪ್ಪೋ ಊರಿನ ಬಿಷಪ್ ಅಗಸ್ಟೀನ್ ಅದಕ್ಕೆ ಉತ್ತರ ಕೊಟ್ಟ. ಮನಸ್ಸು ಮಾಡುವ ಆ ಮನಸ್ಸೇ ಕಾಯಿಲೆ ಬಿದ್ದಿದೆ, ದೇವರು ಕೇಳುವುದನ್ನು ದೇವರೇ ಕೊಡಬೇಕು ಅಂತ. 418ರಲ್ಲಿ ಕಾರ್ತೇಜಿನಲ್ಲಿ ಕೂಡಿದ ಬಿಷಪ್ಪರ ಸಭೆ ಪೆಲಾಗಿಯಸನ ಬೋಧನೆಯನ್ನು ತಳ್ಳಿಹಾಕಿತು. 1505ರಲ್ಲಿ ಎರ್‌ಫರ್ಟಿನ ಮಠ ಸೇರಿದ, ಮುಂದೆ ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ಉಪವಾಸ, ಜಾಗರಣೆ, ಗಂಟೆಗಟ್ಟಲೆ ಪಾಪನಿವೇದನೆ ಎಲ್ಲ ಮಾಡಿಯೂ ಮನಸ್ಸಿಗೆ ನೆಮ್ಮದಿ ಕಾಣಲಿಲ್ಲ. ದೇವರ ನೀತಿ ಅಂದರೆ ದೇವರು ನಮ್ಮನ್ನು ದಂಡಿಸುವ ನೀತಿ ಅಂದುಕೊಂಡಿದ್ದೆ, ಅದಕ್ಕಾಗಿ ಆ ದೇವರ ಮೇಲೆ ದ್ವೇಷವೇ ಇತ್ತು, ರೋಮಾಪುರದ ಪತ್ರ ಓದಿ ಅದು ದೇವರು ಕೊಡುವ ನೀತಿ ಅಂತ ತಿಳಿದಾಗ ಸ್ವರ್ಗದ ಬಾಗಿಲು ತೆರೆದ ಹಾಗಾಯಿತು ಅಂತ ಅವನು ಸಾಯುವುದಕ್ಕೆ ಒಂದು ವರ್ಷ ಮುಂಚೆ, 1545ರಲ್ಲಿ, ನೆನಪು ಮಾಡಿಕೊಂಡು ಬರೆದಿದ್ದಾನೆ.

ಕಥೋಲಿಕರು ಕೃಪೆಯನ್ನೇ ಒಪ್ಪುವುದಿಲ್ಲ ಅಂತ ನಮ್ಮ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಕೆಲವರು ಹೇಳುವುದುಂಟು. ಅದು ತಪ್ಪು, ಹೇಳಬಾರದು. 1547ರಲ್ಲಿ ಕಥೋಲಿಕ ಬಿಷಪ್ಪರ ಟ್ರೆಂಟ್ ಸಭೆ ಈ ವಿಷಯದ ಮೇಲೆ ನಿರ್ಣಯ ಮಾಡಿದಾಗ ಮೊದಲ ಕಲಮಿನಲ್ಲೇ, ಕ್ರಿಸ್ತನ ಮೂಲಕ ಬರುವ ದೇವರ ಕೃಪೆ ಇಲ್ಲದೆ ಸ್ವಂತ ಕ್ರಿಯೆಗಳಿಂದ ಯಾರೂ ನೀತಿವಂತರಾಗುವುದಿಲ್ಲ ಅಂತ ಬರೆದಿತ್ತು. ನಿಜವಾದ ಭಿನ್ನಾಭಿಪ್ರಾಯ ಇದ್ದದ್ದು ಬೇರೆ ಕಡೆ: ಕ್ರಿಸ್ತನ ನೀತಿಯನ್ನು ನಮ್ಮ ಲೆಕ್ಕಕ್ಕೆ ಎಣಿಸುತ್ತಾನಾ, ಅಥವಾ ಕೃಪೆ ನಮ್ಮೊಳಗೆ ಇಳಿದು ನಮ್ಮನ್ನು ನೀತಿವಂತರನ್ನಾಗಿ ಮಾಡುತ್ತಾ ಹೋಗುತ್ತದಾ ಅನ್ನುವುದರಲ್ಲಿ. ನಾನು ಮೊದಲನೆಯ ಪಕ್ಷದವನು. ಆದರೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥರನ್ ಸಭೆಗಳ ಒಕ್ಕೂಟ ಮತ್ತು ಕಥೋಲಿಕ ಸಭೆ ಇದರ ಮೂಲ ಸತ್ಯಗಳಲ್ಲಿ ನಮಗೆ ಒಮ್ಮತ ಇದೆ ಅಂತ ಜೊತೆಯಾಗಿ ಸಹಿ ಹಾಕಿದ್ದು ದೊಡ್ಡ ವಿಷಯ. 2006ರಲ್ಲಿ ಮೆಥೊಡಿಸ್ಟರೂ ಅದಕ್ಕೆ ಸೇರಿಕೊಂಡರು. ಉಳಿದ ವ್ಯತ್ಯಾಸಗಳು ಇನ್ನೂ ಇವೆ, ಅವುಗಳ ಬಗ್ಗೆ ಮಾತಾಡೋಣ, ಇಲ್ಲದ್ದನ್ನು ಹೇಳುವುದು ಬೇಡ.

ಮತ್ತೆ ಸಭೆಯ ಒಳಗೆ ಬರುತ್ತೇನೆ. ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಹೊತ್ತಿನಲ್ಲಿ ಎದ್ದು ಬರದೆ ಬೆಂಚಿನಲ್ಲೇ ಕೂತುಬಿಡುವವರು ಇರುತ್ತಾರೆ. ವಯಸ್ಸಾದ ಒಬ್ಬ ತಾಯಿ ಹೀಗೆ ತಿಂಗಳುಗಟ್ಟಲೆ ಕೂತಿದ್ದರು. ಒಂದು ದಿನ ಆರಾಧನೆ ಮುಗಿದ ಮೇಲೆ ಪಕ್ಕದಲ್ಲಿ ಕೂತು ಕೇಳಿದೆ.

"ಯಾಕಮ್ಮಾ, ಮುಂದೆ ಬರಲಿಲ್ಲ?"

"ಬೇಡ ಪಾಸ್ಟರ್. ಮನಸ್ಸು ಸರಿ ಇಲ್ಲ. ಸೊಸೆ ಜೊತೆ ಮಾತಿಗೆ ಮಾತು ಬೆಳೀತು. ಅಯೋಗ್ಯವಾಗಿ ತಗೊಂಡ್ರೆ ದಂಡನೆ ಅಂತ ಬರೆದಿದೆಯಲ್ಲ."

"ಸೊಸೆ ಹತ್ರ ಮಾತಾಡಿದ್ರಾ?"

"ಮಾತಾಡ್ದೆ. ಅವಳೂ ಸರಿಹೋದ್ಳು. ಆದ್ರೆ ನಾನೇ ಇನ್ನೂ ಸರಿಹೋಗಿಲ್ಲ ಅನ್ಸುತ್ತೆ."

ಅವರ ಬೈಬಲ್ ತೆಗೆದುಕೊಂಡು ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ 11ನೇ ಅಧ್ಯಾಯ ಇಬ್ಬರೂ ಓದಿದೆವು, ಆ ಒಂದು ವಚನ ಮಾತ್ರ ಅಲ್ಲ, ಅದರ ಹಿಂದಿನದೆಲ್ಲ. ಕೊರಿಂಥದಲ್ಲಿ ಏನಾಗುತ್ತಿತ್ತು ಅಂದರೆ, ಉಳ್ಳವರು ಮೊದಲೇ ಕೂತು ಹೊಟ್ಟೆ ತುಂಬಾ ಉಂಡು ಕುಡಿದು ಅಮಲೇರಿಸಿಕೊಳ್ಳುತ್ತಿದ್ದರು, ಇಲ್ಲದವರು ಹಸಿದುಕೊಂಡೇ ಇರುತ್ತಿದ್ದರು. ಪೌಲ ಗದರಿಸಿದ್ದು ಹಾಗೆ ಬಡವರನ್ನು ಅವಮಾನ ಮಾಡುತ್ತಾ ಕರ್ತನ ಮೇಜಿಗೆ ಬಂದವರನ್ನು. ತನ್ನ ಪಾಪಕ್ಕೆ ಅಳುತ್ತಾ ಬಂದವರನ್ನಲ್ಲ. ತನ್ನನ್ನು ಪರೀಕ್ಷಿಸಿಕೊಂಡು ದೂರ ಕೂತಿರಲಿ ಅಂತಲೂ ಅಲ್ಲಿ ಬರೆದಿಲ್ಲ, ಪರೀಕ್ಷಿಸಿಕೊಂಡು ತಿನ್ನಲಿ ಅಂತ ಇದೆ. ಆ ತಾಯಿ ಅದನ್ನು ಬೆರಳಿಟ್ಟು ಎರಡು ಸಲ ಓದಿದರು. ಪೂರ್ತಿ ಯೋಗ್ಯರಾದ ಮೇಲೆ ಬರುತ್ತೇನೆ ಅಂದರೆ ಆ ಮೇಜಿನ ಹತ್ತಿರ ನಾನೂ ನಿಲ್ಲುವ ಹಾಗಿಲ್ಲ ಅಂತ ಹೇಳಿದೆ. ನಮಗಾಗಿ ಮುರಿದ ರೊಟ್ಟಿ ಅಂತ ಹೇಳಿ ಕೊಡುತ್ತೇವೆ. ಮುರಿಯುವ ಅಗತ್ಯವೇ ಇಲ್ಲದಷ್ಟು ಒಳ್ಳೆಯವರಾಗಿ ಬರಬೇಕು ಅಂದರೆ ಅದನ್ನು ಯಾಕೆ ಮುರಿಯಬೇಕಿತ್ತು?

ನೀತಿಯನ್ನು ದುಡಿಯಬೇಕು ಅನ್ನುವ ಮನಸ್ಸು ಇನ್ನೊಂದು ಕೆಡುಕನ್ನೂ ಮಾಡುತ್ತದೆ. ದುಡಿಮೆ ಅಂದಮೇಲೆ ಹೆಚ್ಚು ದುಡಿದವರು, ಕಡಿಮೆ ದುಡಿದವರು ಅಂತ ಸಾಲು ಹುಟ್ಟುತ್ತದೆ. ಅಂತಿಯೋಕ್ಯ ಎಂಬ ಊರಿನಲ್ಲಿ ಯೇಸುವಿನ ಶಿಷ್ಯ ಪೇತ್ರ ಅನ್ಯಜನರ, ಅಂದರೆ ಯಹೂದ್ಯರಲ್ಲದವರ ಜೊತೆ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮಿನಿಂದ ಕೆಲವು ಯಹೂದ್ಯ ವಿಶ್ವಾಸಿಗಳು ಬಂದದ್ದೇ ತಡ, ಹೆದರಿ ಎದ್ದು ಬೇರೆ ಕೂತ. ಪೌಲ ಎಲ್ಲರ ಮುಂದೆ ಅವನನ್ನು ತಡೆದು ಕೇಳಿದ. ಇದು ಬರೀ ಶಿಷ್ಟಾಚಾರದ ಜಗಳ ಅಂತ ಅವನು ಬಿಡಲಿಲ್ಲ, ಸುವಾರ್ತೆಯ ಸತ್ಯಕ್ಕೆ ತಕ್ಕ ನಡತೆ ಇದಲ್ಲ ಅಂದ. ಗಲಾತ್ಯದ ಪತ್ರದಲ್ಲಿ, ಧರ್ಮಶಾಸ್ತ್ರದ ಕ್ರಿಯೆಗಳಿಂದ ಯಾರೂ ನೀತಿವಂತರೆಂದು ನಿರ್ಣಯ ಹೊಂದುವುದಿಲ್ಲ ಅನ್ನುವ ಮಾತು ಬರುವುದು ಈ ಊಟದ ಪ್ರಸಂಗದ ಬೆನ್ನಿಗೇ. ಆದ್ದರಿಂದ ಒಂದು ಸಭೆಗೆ ಈ ಬೋಧನೆ ಅರ್ಥವಾಗಿದೆಯಾ ಅಂತ ತಿಳಿಯಬೇಕಾದರೆ ನಾನು ಅವರ ಪ್ರಸಂಗ ಕೇಳುವುದಿಲ್ಲ, ಯಾರು ಯಾರ ಪಕ್ಕ ಕೂರುತ್ತಾರೆ ನೋಡುತ್ತೇನೆ. ಲೂಕನ ಸುವಾರ್ತೆಯ 18ನೇ ಅಧ್ಯಾಯದ ಫರಿಸಾಯನನ್ನು, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಥದವನನ್ನು, ನೆನಪಿಸಿಕೊಳ್ಳಿ. ವಾರಕ್ಕೆ ಎರಡು ಉಪವಾಸ, ಎಲ್ಲದರಲ್ಲೂ ಹತ್ತರಲ್ಲೊಂದು ಪಾಲು. ಅವನು ಸುಳ್ಳು ಹೇಳುತ್ತಿರಲಿಲ್ಲ, ದೇವರಿಗೆ ಸ್ತೋತ್ರವನ್ನೂ ಹೇಳಿದ. ಆದರೆ ದೂರದಲ್ಲಿ ನಿಂತು ಎದೆ ಬಡಿದುಕೊಳ್ಳುತ್ತಿದ್ದ, ಜನ ಪಾಪಿ ಅನ್ನುತ್ತಿದ್ದ ಸುಂಕದವನನ್ನು ತೋರಿಸದೆ ಅವನ ಪ್ರಾರ್ಥನೆ ಮುಗಿಯಲಿಲ್ಲ. ನೀತಿವಂತ ಅನಿಸಿಕೊಂಡು ಮನೆಗೆ ಹೋದವನು ಸುಂಕದವನು.

ಇಷ್ಟೆಲ್ಲ ಕೇಳಿದ ಮೇಲೆ ಕೆಲವರು, ಸರಿ, ಕ್ರಿಯೆ ಬೇಡ, ನಂಬಿಕೆ ಸಾಕು, ಆದರೆ ನನ್ನ ನಂಬಿಕೆಯೇ ಗಟ್ಟಿ ಇಲ್ಲವಲ್ಲ ಅನ್ನುತ್ತಾರೆ. ಹಳೆಯ ದುಡಿಮೆ ಹೋಗಿ ಹೊಸ ದುಡಿಮೆ ಬಂತು. ನಂಬಿಕೆಯನ್ನೇ ತೂಕಕ್ಕೆ ಹಾಕಿ ನೋಡುತ್ತಿದ್ದಾರೆ. ಅಬ್ರಹಾಮ ನೀತಿವಂತ ಅನಿಸಿಕೊಂಡು ವರ್ಷಗಳಾದ ಮೇಲೆ, 17ನೇ ಅಧ್ಯಾಯದಲ್ಲಿ, ನೂರು ವರ್ಷದವನಿಗೆ ಮಗ ಹುಟ್ಟುವುದುಂಟೇ ಅಂತ ಬೋರಲು ಬಿದ್ದು ನಕ್ಕ. ಮಾರ್ಕನ ಸುವಾರ್ತೆಯಲ್ಲಿ ಕಾಯಿಲೆಯ ಮಗನನ್ನು ಕರೆತಂದ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತ ಒಂದೇ ಉಸಿರಿನಲ್ಲಿ ಕೂಗಿದ, ಮಗ ವಾಸಿಯಾದ. ಅಳೆಯಬೇಕಾದದ್ದು ನಂಬಿದವನ ಬಲವನ್ನಲ್ಲ. ನನಗೆ ಕ್ಷಮೆ ಸಿಕ್ಕ ಹಾಗೆ ಅನಿಸುವುದೇ ಇಲ್ಲ ಅನ್ನುವವರಿಗೂ ಇದೇ ಹೇಳುತ್ತೇನೆ. ಕೋರ್ಟಿನಲ್ಲಿ ಬಿಡುಗಡೆಯ ತೀರ್ಪು ಬಂದ ಮನುಷ್ಯನ ಕೈ ಇನ್ನೂ ನಡುಗುತ್ತಿರಬಹುದು, ತೀರ್ಪು ಮಾತ್ರ ಬಂದಾಗಿದೆ. ಮನಸ್ಸು ತೀರಾ ಕುಗ್ಗಿ ನಿದ್ದೆ ಊಟ ಬಿಟ್ಟವರನ್ನು ನಾನು ವೈದ್ಯರ ಹತ್ತಿರವೂ ಕಳಿಸುತ್ತೇನೆ, ಅದರಲ್ಲಿ ನಂಬಿಕೆಗೆ ಏನೂ ಅವಮಾನವಿಲ್ಲ.

ಇನ್ನು ಬೈಬಲ್ಲಿನಲ್ಲೇ ಇರುವ ಯಾಕೋಬನ ಪತ್ರ. ಮನುಷ್ಯ ಬರೀ ನಂಬಿಕೆಯಿಂದಲ್ಲ, ಕ್ರಿಯೆಗಳಿಂದ ನೀತಿವಂತ ಅನಿಸಿಕೊಳ್ಳುತ್ತಾನೆ ಅಂತ ಅವನು ಬರೆದಿದ್ದಾನಲ್ಲ ಅನ್ನುತ್ತಾರೆ. ಬರೆದಿದ್ದಾನೆ. ಅವನೂ ಅಬ್ರಹಾಮನನ್ನೇ ಹಿಡಿದುಕೊಂಡಿದ್ದಾನೆ. ಆದರೆ ಅವನು ತೆರೆದಿರುವುದು ಆದಿಕಾಂಡದ 22ನೇ ಅಧ್ಯಾಯವನ್ನು, ಇಸಾಕನನ್ನು ಯಜ್ಞವೇದಿಯ ಮೇಲೆ ಇಟ್ಟ ಪ್ರಸಂಗವನ್ನು. 15 ಮತ್ತು 22ರ ನಡುವೆ ಒಂದು ಮಗು ಹುಟ್ಟಿ ಕಟ್ಟಿಗೆ ಹೊರುವಷ್ಟು ಬೆಳೆದಿದೆ. ಯಾಕೋಬನೇ 15ರ ಮಾತನ್ನು ಎತ್ತಿ, ಅದು ಇಲ್ಲಿ ನೆರವೇರಿತು ಅನ್ನುತ್ತಾನೆ. ಅವನು ಜಗಳ ಆಡುತ್ತಿರುವುದು ನಂಬಿಕೆ ಇದೆ ಅಂತ ಬಾಯಲ್ಲಿ ಹೇಳಿ, ಬಟ್ಟೆಯಿಲ್ಲದ ಸಹೋದರನಿಗೆ ಬೆಚ್ಚಗಿರು, ಹೋಗಿ ಬಾ ಅಂತ ಕೈಬೀಸಿ ಕಳಿಸುವವನ ಜೊತೆ. ಅಂಥವನಿಗೆ ಪೌಲನೂ ಅದನ್ನೇ ಹೇಳುತ್ತಿದ್ದ. ಎಫೆಸದವರಿಗೆ 2ನೇ ಅಧ್ಯಾಯದ 8, 9 ಬಾಯಿಪಾಠ ಮಾಡಿದವರು 10ನ್ನೂ ಮಾಡಿಕೊಳ್ಳಲಿ: ಸತ್ಕ್ರಿಯೆಗಳಿಗಾಗಿಯೇ ನಾವು ಕ್ರಿಸ್ತನಲ್ಲಿ ಸೃಷ್ಟಿಯಾದವರು.

ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕೃಪೆಯ ಮಾತನ್ನು ಗುರಾಣಿ ಮಾಡಿಕೊಂಡು ಬರುವವರನ್ನೂ ನೋಡಿದ್ದೇನೆ. ಹೆಂಡತಿಗೆ ಹೊಡೆದವನು, ಇನ್ನೊಬ್ಬರ ದುಡ್ಡು ನುಂಗಿದವನು, ದೇವರೇ ನನ್ನನ್ನು ಕ್ಷಮಿಸಿದ್ದಾನೆ, ಇವರು ಯಾರು ಇನ್ನೂ ಎತ್ತಿ ಆಡುವುದಕ್ಕೆ ಅನ್ನುತ್ತಾನೆ. ಪಾಪಿಗೆ ಸಿಗುವ ಕ್ಷಮೆ ನೊಂದವರ ಬಾಯಿ ಮುಚ್ಚಿಸುವ ಸಾಧನ ಅಲ್ಲವೇ ಅಲ್ಲ. ಲೂಕನ ಸುವಾರ್ತೆಯಲ್ಲಿ ಬರುವ, ಸುಂಕ ವಸೂಲಿ ಮಾಡಿ ಶ್ರೀಮಂತನಾದ ಜಕ್ಕಾಯನನ್ನು ನೋಡಿ. ಅಲ್ಲೂ ಯಾವುದು ಮೊದಲು, ಯಾವುದು ಆಮೇಲೆ ಅಂತ ಗಮನಿಸಿ. ಅವನು ಒಂದು ಕಾಸನ್ನೂ ವಾಪಸ್ ಕೊಡುವ ಮೊದಲೇ ಯೇಸು, ತನ್ನನ್ನು ನೋಡಲು ಅವನು ಹತ್ತಿದ್ದ ಮರದ ಕೆಳಗೆ ನಿಂತು ಹೆಸರು ಹಿಡಿದು ಕರೆದು, ಈ ಹೊತ್ತು ನಾನು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಅಂದ. ಜನ ಗೊಣಗಿದರು. ಆಮೇಲೆ ಜಕ್ಕಾಯ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಯಾರಿಂದಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಅಂದ. ಯಾರೂ ಅವನಿಂದ ಅದನ್ನು ಕೇಳಿರಲಿಲ್ಲ.

ಹಾಗಾಗಿ ಅಂಥವನು ನನ್ನ ಮುಂದೆ ಕೂತಾಗ ನಾನು ಕೃಪೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಿನಗೂ ಕ್ಷಮೆ ಇದೆ ಅಂತಲೇ ಹೇಳುತ್ತೇನೆ. ಅದರ ಜೊತೆಗೆ, ನುಂಗಿದ ದುಡ್ಡಿನ ಲೆಕ್ಕ ಬರೆದು ತಾ ಅನ್ನುತ್ತೇನೆ. ಹೊಡೆದಿದ್ದರೆ ಆ ಮನೆಯಿಂದ ಹೊರಗೆ ಇರು, ಪೊಲೀಸರು ಕೇಳಿದರೆ ನಿಜ ಹೇಳು, ನೊಂದವರು ನಿನ್ನನ್ನು ಮತ್ತೆ ನಂಬಬೇಕಾ ಬೇಡವಾ ಅನ್ನುವುದನ್ನು ಅವರಿಗೇ ಬಿಡು, ನಿನಗೆ ಅವಸರ ಮಾಡುವ ಹಕ್ಕಿಲ್ಲ ಅನ್ನುತ್ತೇನೆ. ಏಟು ತಿಂದ ಹೆಣ್ಣುಮಗಳಿಗೆ, ಅವನನ್ನು ದೇವರು ಕ್ಷಮಿಸಿದ್ದಾನೆ, ನೀನೂ ಮನೆಗೆ ವಾಪಸ್ ಹೋಗು ಅಂತ ಯಾವ ಸಭಾಪಾಲಕನೂ ಹೇಳಬಾರದು. ಅವಳಿಗೆ ಮೊದಲು ಬೇಕಾದದ್ದು ಸುರಕ್ಷಿತವಾದ ಒಂದು ಜಾಗ, ಅದನ್ನು ಹುಡುಕಿಕೊಡುವುದು ಸಭೆಯ ಕೆಲಸ.